ಆಯಿ ಮೊಣಕಾಲು, ಮಂದಿ ರಕ್ತ

ನಮ್ಮ ಮನ್ಯಾಗ ಯಾರಿಗರ ಜಡ್ಡ ಬಂತಂದ್ರ, ಜಡ್ಡಿಗಿಂತ ನಗೀನ ಜಾಸ್ತಿ. ನಾ ಮಂದ್ಯಾಗ ಬಾಯಿ ಬಿಡಾಕಿ ಅಲ್ಲ, ಪುಸ್ತಕ ಹಿಡದು ಮೂಲ್ಯಾಗ ಕುಂದ್ರಾಕಿ. ಆದ್ರ ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಗೋಕಾಕದಾಗ ಮೊಣಕಾಲು ಬದಲಿ ಮಾಡಿಸಿಕೊಂಡಿದ್ದು ಹೇಳಲಿಲ್ಲಂದ್ರ ನನಗ ಹೊಟ್ಟಿ ಉಬ್ಬತೈತಿ.

೧. ಉಪವಾಸದ ಗುಳಗಿ

ಡಾಕ್ಟರ ಹಂತೇಕ ಒಂದು ರಜಿಸ್ಟರ್ ಇತ್ತು. ಆಪರೇಶನ್ನಿಗೆ ಮೊದಲು ರಕ್ತ, ಅಂದ್ರ ಹಿಮೋಗ್ಲೋಬಿನ್, ಎಷ್ಟು, ಆಮ್ಯಾಗ ಎಷ್ಟು, ಹೊರಗಿನ ರಕ್ತದ ಬಾಟ್ಲಿ ಎಷ್ಟು ಏರಿಸಿದ್ವಿ, ಎಲ್ಲಾ ಬರೀತಿದ್ರು. "ಬಾಟ್ಲಿ ಲೆಕ್ಕ ಬರಿಯೋ ಖಾನಿ ಖಾಲಿ ಇದ್ರ ನಮ್ಮ ಕೆಲಸ ಛಲೋ ಆದಂಗ" ಅಂತಿದ್ರು. ಆಯಿ ರಕ್ತ ಒಂಬತ್ತೂವರಿ ಇತ್ತು. "ಹನ್ನೆರಡು ಆಗಬೇಕು" ಅಂತ ಒಂದು ತಿಂಗಳ ಗುಳಗಿ ಕೊಟ್ರು.

ತಿಂಗಳಾದ ಮ್ಯಾಲೆ ನೋಡಿದ್ರ ಒಂಬತ್ತು!

"ಆಯಿ, ಗುಳಗಿ ನುಂಗಿಲ್ಲೇನ್ರಿ?"

"ಒಂದೂ ಬಿಟ್ಟಿಲ್ರಿ. ದಿನಾ ಒಂದ ಹೊತ್ತು ಉಂಡು ವ್ರತ ಹಿಡದು ನುಂಗೇನಿ."

"ವ್ರತ ಯಾಕ್ರಿ?"

"ರಕ್ತ ಏರ್ಲಿ ಅಂತ್ರಿ!"

೨. ಉಳ್ಳಾಗಡ್ಡಿ ಪರೀಕ್ಷಾ

ಮಸಗುಪ್ಪಿಯಿಂದ ಅಪ್ಪನ ಗೆಳೆಯಾರು ಹನ್ನೊಂದು ಮಂದಿ ಟೆಂಪೋ ತುಂಬಿಕೊಂಡು, ಆಯಿಗೆ ಬೇಕಾದೀತು ಅಂತ ರಕ್ತ ಕೊಡಾಕ ಬಂದ್ರು. ನಾವು ಜೈನರು, ಆಯಿ ಅಂತೂ ನೆಲದಾಗಿನ ಗಡ್ಡಿ ಮುಟ್ಟಾಂಗಿಲ್ಲ. ಹೊರಸಿನ ಮ್ಯಾಲೆ ಕುಂತು ಒಬ್ಬೊಬ್ಬರನ್ನ ಕರದು ಕೇಳಿದಳು: "ಉಳ್ಳಾಗಡ್ಡಿ ತಿಂತೀಯೇನೋ ತಮ್ಮಾ?"

"ಬೆಳ್ಯಾಂವ ನಾನ ಆಯಿ, ತಿನ್ನದ ಬಿಡ್ತೇನೇನ್ರಿ?"

"ಆತು, ಚಾ ಕುಡದು ಹೋಗು."

ಹಿಂಗ ಹನ್ನೊಂದೂ ಮಂದಿ ಫೇಲ್. ಒಬ್ಬಾಂವಗ ಸಿಟ್ಟು ಬಂತು. "ಆಯಿ, ನಮ್ಮ ರಕ್ತ ಬೇಕಂದ್ರ ತಗೋರಿ, ಬ್ಯಾಡಂದ್ರ ಬಿಡ್ರಿ. ಮೂಸಿ ನೋಡಬ್ಯಾಡ್ರಿ!"

೩. ಹುಕ್ಕೇರಿ ಸಣ್ಣಾಯಿ

ಡಾಕ್ಟರು ಅಂದ್ರು, "ಆಪರೇಶನ್ ಆದಮ್ಯಾಗ ಎಂಟಕ್ಕಿಂತ ಇಳದ್ರ ಬಾಟ್ಲಿ ಹಚ್ಚಬೇಕಾಗತೈತಿ. ಒಬ್ಬರನ್ನರ ತಯಾರ ಇಡ್ರಿ." ಗ್ರುಪ್ಪೂ ಕೂಡಿ, ಉಳ್ಳಾಗಡ್ಡಿನೂ ತಿನ್ನದಾಕಿ ಒಬ್ಬಾಕೀನ ಸಿಕ್ಕಳು: ಹುಕ್ಕೇರ್ಯಾಗ ಇರೋ ಅಜ್ಜನ ತಮ್ಮನ ಹೆಂಡತಿ, ನಮ್ಮ ಸಣ್ಣಾಯಿ. ಆಯಿ ಮಾಡಿದ ಹೋಳಿಗ್ಯಾಗ ಹರಳು ಸಿಕ್ತು ಅಂತ ಪಂಕ್ತ್ಯಾಗ ಎಲ್ಲಾರ ಮುಂದ ಅಂದಾಕಿ. ಏಳು ವರ್ಷ ಆತು, ಇಬ್ಬರಿಗೂ ಮಾತಿಲ್ಲ.

"ಅಕಿ ರಕ್ತ ತಗೊಂಡ್ರ ಸಾಯೋತನಾ ಊರಾಗ ಹೇಳ್ಕೋತ ಅಡ್ಡಾಡ್ತಾಳ!" ಅಂದು ಆಯಿ ಅವತ್ತ ವ್ರತ ಮುಗಿಸಿದಳು. ಖಾರೀಕ, ಎಳ್ಳುಂಡಿ, ಬೆಲ್ಲ, ಗುಳಗಿ, ಹೊತ್ತೊತ್ತಿಗೆ ನಡದ್ವು. ಎರಡು ತಿಂಗಳದಾಗ ಹನ್ನೆರಡು ದಾಟಿತು!

ಒಳಗ ಒಯ್ಯುಮುಂದ ಡಾಕ್ಟರ ಕೈ ಹಿಡದು ಅಂದಳು, "ಯಪ್ಪಾ, ಕಾಲು ಸೊಟ್ಟ ಆದ್ರೂ ಚಿಂತಿಲ್ಲ. ಒಂದು ಹನಿ ಚೆಲ್ಲಬ್ಯಾಡ!"

೪. ಎರಡು ಚೀಟಿ

ಆಪರೇಶನ್ ಆಗಿ ಎರಡು ದಿನ ಆತು, ಆಯಿ ಏಳಲಿಲ್ಲ. "ನಡೀಲಿಲ್ಲಂದ್ರ ಹೊಸ ಮೊಣಕಾಲು ಬಿರಸಾಗತೈತ್ರಿ. ವಾಕರ್ ಹಿಡದು ಹತ್ತ ಹೆಜ್ಜಿ ಹಾಕ್ರಿ" ಅಂತ ಡಾಕ್ಟರು ಗೋಗರೆದ್ರು. "ನೋವ್ರಿ" ಅಂತ ಆಯಿ ಗ್ವಾಡಿ ಕಡೆ ಮುಖ ಮಾಡಿದಳು. ಅಪ್ಪ ಹೆದರಿಬಿಟ್ಟಿದ್ದ.

ಅಷ್ಟರಾಗ ಸಣ್ಣಾಯಿ ಬಂದಳು. ಬಾಗಲದಾಗ ನಿಂತು ಇಡೀ ವಾರ್ಡಿಗೆ ಕೇಳೂ ಹಂಗ, "ಎಲ್ಲಿ ಅದಾಳ ನಮ್ಮಕ್ಕ? ನನ್ನ ರಕ್ತ ಕೊಟ್ಟು ಉಳಸಾಕ ಬಂದೇನಿ!" ಅಂದಳು.

ನರ್ಸಕ್ಕ ಇಬ್ಬರ ರಕ್ತಾನೂ ಪರೀಕ್ಷಾಕ್ಕ ತಗೊಂಡು ಹೋಗಿ, ಆಮ್ಯಾಗ ಎರಡು ಚೀಟಿ ತಂದು ನನ್ನ ಕೈಯಾಗ ಕೊಟ್ಟಳು. ಇಡೀ ವಾರ್ಡ ನನ್ನ ಕಡೆ ನೋಡಾಕತ್ತಿತ್ತು. ಚೀಟಿ ಮಾರಿಗೆ ಅಡ್ಡ ಹಿಡದೆ. ಪಿಸುಗುಟ್ಟಿದೆ.

"ಜೋರಾಗಿ ಓದ, ಹುಡುಗಿ!" ಅಂದಳು ಸಣ್ಣಾಯಿ.

ಓದಿದೆ. "ಆಯಿದು ಹತ್ತೂವರಿ. ಸಣ್ಣಾಯಿದು... ಒಂಬತ್ತು."

"ಕೊಡಾಂಗಿಲ್ರಿ, ನಿಮಗ ಗುಳಗಿ ಬೇಕು" ಅಂದಳು ನರ್ಸಕ್ಕ.

ಆಯಿ ಎದ್ದು ಕುಂತಳು. ವಾಕರ್ ಎಳಕೊಂಡಳು. ಟಕ್, ಟಕ್ ಅಂತ ಒಂದನೇ ಕಾಟಿನಿಂದ ಕಡೀ ಕಾಟಿನ ತನಕ ಹೋದಳು. ಒಂದೊಂದು ಕಾಟಿನ ಮುಂದೂ ನಿಂತು, "ಕೇಳಿದ್ರೇನ್ರಿ ಬಾಯಾರ? ಕಾಲು ಕೊಯ್ಸಿಕೊಂಡಾಕಿ ನಾನು, ರಕ್ತ ಕಡಿಮಿ ಅಕಿಗೆ!"

ಡಾಕ್ಟರು ಓಡಿ ಬಂದು ನೋಡಿ ಬಾಯಿ ತಕ್ಕೊಂಡು ನಿಂತ್ರು. "ಆಯಿ, ಹತ್ತ ಅಂದ್ರ ಐವತ್ತ ಹೆಜ್ಜಿ ಹಾಕಿದ್ರೆಲ್ರಿ!"

"ಡಾಕ್ಟರ, ಇನ್ನೊಂದು ಮೊಣಕಾಲೂ ಮಾಡಿಬಿಡ್ರಿ," ಅಂದಳು ಆಯಿ. "ಆವಾಗೂ ಅಕಿನ್ನ ಕರಸ್ರಿ!"