ಮಿಸೆಸ್ ಪ್ರಿಚರ್ಡ್ ಹಾಕಿದ ಶಾಪಗಳು

ಎಲ್ಲ ಅವಾಂತರಕ್ಕೂ ಕಾರಣ ಆ ಬಾಲಕೃಷ್ಣ. ಆಫೀಸಿನ ಗೆಳೆಯ, ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನವೇ ಅವನದಲ್ಲ. ಶನಿವಾರ ಬೆಳಿಗ್ಗೆಯೇ ಫೋನ್ ಮಾಡಿದ.

"ಲೇ ಲಕ್ಷ್ಮೀನಾರಾಯಣ, ನಿಮ್ಮ ಪಕ್ಕದ್ಮನೆ ಅಜ್ಜಿ ಸಿಟ್ಟು ಬಂದಾಗೆಲ್ಲ 'ಡ್ರಾಟ್' ಅಂತಾರೆ ಅಂದ್ಯಲ್ಲ? ಡಿಕ್ಷನರಿ ನೋಡ್ದೆ ಕಣೋ. ದೇವರು ಇದನ್ನ ಕೊಳೆಸ್ಲಿ ಅಂತ ಅರ್ಥವಂತೆ! 'ಬ್ಲೈಮಿ' ಅಂದ್ರೆ ದೇವರು ನನ್ನ ಕಣ್ಣು ಕುರುಡು ಮಾಡ್ಲಿ ಅಂತ!"

"ಥೂ, ಬಿಡ್ತು ಅನ್ನೋ!"

ಲಕ್ಷ್ಮೀನಾರಾಯಣ ಗಾಬರಿಯಿಂದ ಫೋನ್ ಇಟ್ಟ. ಇಂಗ್ಲೆಂಡಿನ ಸೆಲ್ಲಿ ಓಕ್‌ಗೆ ಬಂದು ವರ್ಷವಾದರೂ, ಅವನನ್ನು ಕೂರಿಸಿಕೊಂಡು ಮಾತಾಡಿಸುವ ಜೀವವೆಂದರೆ ಪಕ್ಕದ ಮನೆಯ ಅಜ್ಜಿ ಮಿಸೆಸ್ ಪ್ರಿಚರ್ಡ್ ಒಬ್ಬರೇ. ಶನಿವಾರ ಮಧ್ಯಾಹ್ನ ಅವರ ಮನೆಯಲ್ಲಿ ಟೀ. ವಾರವಿಡೀ ಅವನು ಬದುಕುತ್ತಿದ್ದುದೇ ಆ ಒಂದು ಟೀಗಾಗಿ. ಅಸ್ತು ದೇವತೆಗಳು ಇಂಗ್ಲೆಂಡಿನ ಮೇಲೆ ಓಡಾಡುವುದಿಲ್ಲ ಎಂದು ಹೇಳುವವರು ಯಾರು? ಅಜ್ಜಿಗೆ ಏನಾದರೂ ಆದರೆ ತನಗೆ ಯಾರು ದಿಕ್ಕು?

ಮಧ್ಯಾಹ್ನ ಅಜ್ಜಿ ಟೀ ತರಲು ಎದ್ದರು. "ಡ್ರಾಟ್ ಈ ಮಂಡಿ!"

"ಬಿಡ್ತು ಅನ್ನಿ!" ಎಂದು ಲಕ್ಷ್ಮೀನಾರಾಯಣ ಕೂಗಿದ.

"ಬ್ಲೈಮಿ! ಏನಾಯ್ತಪ್ಪ ನಿಂಗೆ?"

ಕಣ್ಣಿಗೇ ಬಂತಲ್ಲ ಎಂದು ಅವನು ದಡಬಡಿಸಿ ಎದ್ದ. ಮೊಣಕೈ ತಾಗಿ ಹಾಲಿನ ಜಗ್ಗು ಕಾರ್ಪೆಟ್ಟಿನ ಮೇಲೆ ಬಿತ್ತು. ಅಜ್ಜಿ ಕಾರ್ಪೆಟ್ಟಿಗೂ ಒಂದು ಡ್ರಾಟ್ ಹಾಕಿದರು. "ಬಿಡ್ತು, ಬಿಡ್ತು!" ಎಂದು ಇಬ್ಬರ ಪರವಾಗಿಯೂ ಅವನೇ ಅರಚಿದ. ಕೊನೆಗೆ ವಿಧಿಯಿಲ್ಲದೆ ಅರ್ಥ ಬಿಡಿಸಿ ಹೇಳಿದ.

ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಅಜ್ಜಿಯ ಮುಖ ಕಪ್ಪಿಟ್ಟಿತು. "ಇಷ್ಟು ವರ್ಷ ದೇವರ ಹತ್ರ ಇದನ್ನಾ ಬೇಡ್ಕೊಂಡಿದ್ದು? ನನ್ನ ಗಂಡ ಸಾಯೋ ದಿನ ಬೆಳಿಗ್ಗೆ ಅವರಿಗೂ ಡ್ರಾಟ್ ಅಂದಿದ್ನಲ್ಲಪ್ಪಾ!" ಕಣ್ಣೊರೆಸಿಕೊಂಡು ಕೋಟು ಹಾಕಿದವರೇ ಸೀದಾ ಚರ್ಚಿಗೆ ನಡೆದರು.

ಲಕ್ಷ್ಮೀನಾರಾಯಣ ಒಬ್ಬನೇ ಮಂಡಿಯೂರಿ ಹಾಲು ಒರೆಸಿದ. ಇದ್ದ ಒಂದು ಮನೆಯನ್ನೂ ಕೈಯಾರೆ ಕಳೆದುಕೊಂಡೆನಲ್ಲ ಎಂದು ಅಳು ಬಂತು.

ಸಂಜೆ ಅವನ ಮನೆಯ ಬಾಗಿಲು ತಟ್ಟಿದ ಸದ್ದು. ನೋಡಿದರೆ ಅಜ್ಜಿ, ಮುಖದ ತುಂಬ ನಗು.

"ಪಾದ್ರಿಗಳು ಬಿದ್ದು ಬಿದ್ದು ನಕ್ರು. ದೇವರಿಗೆ ಅಷ್ಟೂ ಗೊತ್ತಾಗಲ್ವಾ ಅಂದ್ರು. ಒಬ್ಬರೇ ಇದ್ದು ಇದ್ದು ನೀವು ಹೀಗೆಲ್ಲ ಕೊರಗ್ತೀರಿ, ಶನಿವಾರ ಮಧ್ಯಾಹ್ನ ನಮ್ಮ ಹಿರಿಯರ ಕ್ಲಬ್ಬಿಗೆ ಬನ್ನಿ ಅಂದ್ರು. ಟೀ, ಹಾಡು, ಇಸ್ಪೀಟು ಎಲ್ಲಾ ಇದ್ಯಂತೆ! ಎಲ್ಲಾ ನಿನ್ನಿಂದ್ಲೇ ಕಣಪ್ಪ."

"ಪ್ರತಿ ಶನಿವಾರಾನಾ?"

"ಪ್ರತಿ ಶನಿವಾರ!"

"ನಾನೂ ಬರಬಹುದಾ?"

"ಅರವತ್ತೈದು ದಾಟಿದೋರಿಗೆ ಮಾತ್ರವಂತೆ," ಎಂದು ಅಜ್ಜಿ ಮೂವತ್ತೆರಡರ ಲಕ್ಷ್ಮೀನಾರಾಯಣನ ಕೆನ್ನೆ ತಟ್ಟಿದರು. "ಆದ್ರೆ ನೀನೇನೂ ಯೋಚನೆ ಮಾಡ್ಬೇಡ. ಅಲ್ಲಿ ಜಾಗ ಸಿಗೋದು ಕಷ್ಟ ಅಂತ, ನಿನ್ನ ಹೆಸರು ಈಗ್ಲೇ ಬರೆಸಿ ಬಂದಿದ್ದೀನಿ."