ಏಳನೇ ನಂಬರಿಗೆ ಹಸಿರು ಬಣ್ಣ

ಖಾಲಿ ಜಾಗ ಕಂಡರೆ ಬಣ್ಣ ತುಂಬಬೇಕೆನ್ನಿಸುವುದು ನನ್ನ ದೊಡ್ಡ ದೌರ್ಬಲ್ಯ. ಇದು ಹುಟ್ಟಿನಿಂದ ಬಂದದ್ದಲ್ಲ, ಬೆಂಗಳೂರಿನ ಕಾನ್ವೆಂಟಿನಲ್ಲಿ ಅಂಟಿಕೊಂಡದ್ದು. ಅಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ಬಣ್ಣವಿಲ್ಲದ ನಕ್ಷೆಯನ್ನು ಮುಟ್ಟುತ್ತಲೇ ಇರಲಿಲ್ಲ. ಸಮುದ್ರದ ನೀಲಿ ದಡದಿಂದ ಕೂದಲೆಳೆಯಷ್ಟು ಈಚೆ ಬಂದರೂ, "ಚೈಲ್ಡ್, ಮಂಗಳೂರನ್ನು ಮುಳುಗಿಸಿದೆಯಲ್ಲ!" ಎಂದು ಮರುಗುತ್ತಿದ್ದರು. ಹೀಗೆ ಕಲಿತವಳು ನಾನು. ನನ್ನ ಅಡಿಗೆಮನೆಯ ಡಬ್ಬಗಳ ಮೇಲೆ ಸಾಲು ತಪ್ಪದೆ ಹೆಸರು ಬರೆದಿರುತ್ತದೆ, ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಹೂವೂ ಇರುತ್ತದೆ. ಅಚ್ಚುಕಟ್ಟು ಒಳ್ಳೆಯ ಗುಣವೆಂದು ಎಲ್ಲರೂ ಹೇಳುತ್ತಾರೆ. ಅಚ್ಚುಕಟ್ಟಿನಿಂದಲೇ ಸೈಟು ಕಳೆದುಕೊಂಡವಳು ಬಹುಶಃ ನಾನೊಬ್ಬಳೇ.

ನಾನು ಮದುವೆಯಾಗಿ ಬಂದದ್ದು ದೊಡ್ಡಬಳ್ಳಾಪುರದ ಕಡೆಯ ನೇಯ್ಗೆಯವರ ಮನೆಗೆ. ಮುಂದಿನ ಅಂಕಣದಲ್ಲಿ ನಾಲ್ಕು ಪವರ್‌ಲೂಮುಗಳು, ಹಿಂದೆ ನಾವು. ಬೆಳಿಗ್ಗೆ ಶುರುವಾದ ಸದ್ದು ದೀಪ ಹಚ್ಚುವವರೆಗೂ ನಿಲ್ಲದು. ಗೋಡೆಗೆ ತೂಗುಹಾಕಿದ ಫೋಟೋಗಳೆಲ್ಲ ಸಂಜೆಯ ಹೊತ್ತಿಗೆ ಎಡಕ್ಕೆ ವಾಲಿರುತ್ತಿದ್ದವು. ನಾನು ದಿನಾ ನೆಟ್ಟಗೆ ಮಾಡುತ್ತಿದ್ದೆ. ನಾನು "ಉಪ್ಪು" ಎಂದು ಕೂಗಿದರೆ ಅತ್ತೆ ಸೊಪ್ಪು ತಂದುಕೊಡುತ್ತಿದ್ದರು. ನಾವು ಗಂಡಹೆಂಡತಿ ಮಾತಾಡುತ್ತಿದ್ದುದು ಕರೆಂಟು ಹೋದಾಗ ಮಾತ್ರ. ಜಗಳಗಳನ್ನೂ ಆ ಹೊತ್ತಿಗೆಂದೇ ಎತ್ತಿಡುತ್ತಿದ್ದೆ. ಹಾಗೆ ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ ಯಜಮಾನರು, ರಾಜಘಟ್ಟದ ದಾರಿಯಲ್ಲಿ ಮಾವನವರು ಬಿಟ್ಟುಹೋಗಿದ್ದ ಒಂದು ಎಕರೆ ರಾಗಿ ಹೊಲವನ್ನು ಸೈಟುಗಳಾಗಿ ಮಾಡುವ ಮಾತೆತ್ತಿ, ಒಂದು ಚೀಟಿಯ ಹಿಂಬದಿಯಲ್ಲಿ ಚೌಕಗಳನ್ನು ಗೀಚಿ ನಂಬರು ಹಾಕಿದರು. "ಏಳನೇ ನಂಬರ್ ಮೂಲೆ ಸೈಟು ನಮಗೇ ಇಟ್ಕೊಳ್ಳೋಣ. ಬರೀ ಮನೆ ಕಣೇ, ಮಗ್ಗ ಇಲ್ಲೇ ಇರುತ್ತೆ. ಅಲ್ಲಿ ಗುಬ್ಬಚ್ಚಿ ಕೂಗಿದ್ರೂ ಕೇಳಿಸ್ಬೇಕು, ಹಂಗಿರುತ್ತೆ," ಎಂದರು. ಆ ಕ್ಷಣದಿಂದ ನಾನು ಏಳನೇ ನಂಬರಿನಲ್ಲೇ ವಾಸ ಮಾಡತೊಡಗಿದೆ. ಮುಂದೆ ಹುಲ್ಲುಹಾಸು, ಗೇಟಿನ ಬಳಿ ಪಾರಿಜಾತ, ವಾಲದ ಫೋಟೋಗಳು.

ಹೊಲವನ್ನು ಸೈಟು ಮಾಡುವುದೆಂದರೆ ಬೇಲಿ ಹಾಕಿ ಗೂಟ ನೆಡುವುದು ಎಂದು ತಿಳಿದಿದ್ದೆ. ಮೊದಲು ತಾಲ್ಲೂಕು ಕಚೇರಿಯಲ್ಲಿ ಅದಕ್ಕೆ 'ಅನ್ಯಕ್ರಾಂತ' ಆಗಬೇಕಂತೆ, ಅಂದರೆ ರಾಗಿ ಹೊಲ ತಾನಿನ್ನು ರಾಗಿ ಹೊಲವಲ್ಲ ಎಂದು ಸರ್ಕಾರದ ಮೂಲಕ ಒಪ್ಪಿಕೊಳ್ಳಬೇಕು. ಅತ್ತೆ ಆ ಪದ ಕೇಳಿ, "ಅದೇನು ಗ್ರಹಣ ಸಂಕ್ರಾಂತಿಯ ಥರ ಏನಾದ್ರೂನಾ? ಸ್ನಾನ ಮಾಡ್ಬೇಕಾ?" ಎಂದರು. ಅದು ಮುಗಿಯಲು ಎರಡು ಸಂಕ್ರಾಂತಿಗಳೇ ಕಳೆದವು. ಆಮೇಲೆ ಪುರಸಭೆ. ಅಲ್ಲಿಗೆ ನಕ್ಷೆ ಬೇಕು. "ನೀನು ಕಾನ್ವೆಂಟಲ್ಲಿ ಓದಿದೋಳು, ಒಂದು ಗೆರೆ ಎಳೆಯೋಕೆ ಬೆಂಗಳೂರಿಂದ ಜನ ಕರೆಸ್ಬೇಕಾ?" ಎಂದು ಯಜಮಾನರು ಅಳತೆಪಟ್ಟಿಯನ್ನು ನನ್ನ ಕೈಗಿತ್ತರು. ಪುರಸಭೆಯ ಓವರ್‌ಸಿಯರ್ ಚಿಕ್ಕಣ್ಣನವರು ಬಂದು ಅಳತೆ ಹೇಳಿದರು, ನಾನು ಬರೆದೆ. ಇಪ್ಪತ್ತಡಿ ರಸ್ತೆ, ಹದಿಮೂರು ಸೈಟು.

ಮೊದಲ ಸಭೆಯಲ್ಲಿ ಲಾರಿ ಇಟ್ಟಿದ್ದ ಒಬ್ಬ ಮೆಂಬರು, "ಇಪ್ಪತ್ತಡೀಲಿ ಲಾರಿ ತಿರುಗುತ್ತೇನ್ರೀ?" ಎಂದರಂತೆ. ರಸ್ತೆ ಮೂವತ್ತಡಿಯಾಯಿತು, ಸೈಟು ಹನ್ನೊಂದಾಯಿತು, ನಾನು ಇನ್ನೊಂದು ನಕ್ಷೆ ಬರೆದೆ. ಎರಡನೆಯ ಸಭೆಯಲ್ಲಿ ಪೇಟೆಯ ಮೆಂಬರೊಬ್ಬರಿಗೆ ಸಿಟ್ಟು ಬಂತು. "ನಾವೆಲ್ಲ ಎಂಟಡಿ ಗಲ್ಲೀಲೇ ಹುಟ್ಟಿ ಬೆಳೆದಿಲ್ವಾ? ಇವರಿಗೇನು ಮೂವತ್ತಡಿ, ಆನೆ ಮೆರವಣಿಗೆ ಹೊರಡಿಸ್ತಾರಾ?" ಇಪ್ಪತ್ತೈದು, ಹನ್ನೆರಡು, ಮತ್ತೊಂದು ನಕ್ಷೆ. ಮೂರನೆಯ ಸಭೆ ಯಾರದೋ ಮದುವೆಯಿಂದಾಗಿ ನಡೆಯಲಿಲ್ಲ. ನಾಲ್ಕನೆಯದರಲ್ಲಿ ಚರಂಡಿ ಎತ್ತ ಹರಿಯುತ್ತದೆಂಬ ಪ್ರಶ್ನೆ ಹುಟ್ಟಿತು. ಆರು ಜನ ಮೆಂಬರುಗಳು ಹೊಲಕ್ಕೇ ಬಂದರು. ನಾನು ಕಾಫಿ ಫ್ಲಾಸ್ಕು ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದೆ. ಚಿಕ್ಕಣ್ಣನವರು ಒಂದು ಕೊಡ ನೀರನ್ನು ಹೊಲದ ನಡುವೆ ಸುರಿದರು. ಆರೂ ಜನ ಬಗ್ಗಿ ನೋಡಿದರು. ನೀರು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಬೇಸಿಗೆಯ ಕೆಮ್ಮಣ್ಣು ಅದನ್ನು ನಿಂತಲ್ಲೇ ಕುಡಿದುಬಿಟ್ಟಿತು. "ಇನ್ನೊಂದು ಕೊಡ ಸುರೀರಿ," ಎಂದರು ಒಬ್ಬರು. ಅದನ್ನೂ ಕುಡಿಯಿತು. ಚರಂಡಿಯ ವಿಚಾರವನ್ನು ಮಳೆಗಾಲದ ನಂತರದ ಸಭೆಗೆ ಮುಂದೂಡಿ, ಕಾಫಿ ಮುಗಿಸಿ ಎಲ್ಲರೂ ಹೊರಟರು.

ಮಳೆಗಾಲ ಮುಗಿದು ಚರಂಡಿ ಪಶ್ಚಿಮಕ್ಕೆ ಹರಿಯಬಹುದೆಂದು ಅವರೆಲ್ಲ ಒಪ್ಪುವ ಹೊತ್ತಿಗೆ ನಾನು ಐದನೆಯ ನಕ್ಷೆಗೆ ಬಂದಿದ್ದೆ. ಅಷ್ಟು ಹೊತ್ತಿಗೆ ಸೈಟುಗಳಿಗೆಲ್ಲ ನೆಂಟರಿಷ್ಟರ ಜೊತೆ ಮಾತಾಗಿಹೋಗಿತ್ತು. ಉಳಿದದ್ದು ನಮ್ಮ ಏಳನೆಯದು, ಮತ್ತೆ ರಸ್ತೆ ತಿರುಗುವಲ್ಲಿ ಸಮೋಸದಂತೆ ಸೊಟ್ಟಗಾಗಿ ಯಾರಿಗೂ ಬೇಡವಾದ ನಾಲ್ಕನೆಯದು. ಐದನೆಯ ನಕ್ಷೆ ಎಷ್ಟು ಬೋಳಾಗಿ ಕಂಡಿತೆಂದರೆ, ನನ್ನ ಬೆನ್ನ ಹಿಂದೆ ಸಿಸ್ಟರ್ ನಿಂತಂತಾಯಿತು. ಈ ಮೆಂಬರುಗಳಿಗೆ ಬಣ್ಣ ಕಂಡರಾದರೂ ಕರುಣೆ ಬಂದೀತೆಂದುಕೊಂಡು ಮಗಳ ಪೆನ್ಸಿಲ್ ಡಬ್ಬಿ ತಂದೆ. ರಸ್ತೆಗೆ ಕಂದು, ಸೈಟುಗಳಿಗೆ ತೆಳು ಹಳದಿ. ನಮ್ಮ ಏಳನೆಯದಕ್ಕೆ ಮಾತ್ರ, ಹುಲ್ಲುಹಾಸು ನೆನಪಾಗಿ, ಗೆರೆ ದಾಟದಂತೆ ಹಸಿರು ತುಂಬಿದೆ. ಗೇಟಿನ ಜಾಗದಲ್ಲಿ ಪಾರಿಜಾತವನ್ನೂ ಬಿಡಿಸಿದೆ.

ಆ ನಕ್ಷೆ ಒಂದೇ ಸಭೆಯಲ್ಲಿ ಪಾಸಾಯಿತು! ಮೆಂಬರುಗಳು ಮೇಜು ತಟ್ಟಿದರೆಂದು ಸುದ್ದಿ. ಯಜಮಾನರು ಮೈಸೂರು ಪಾಕು ತಂದರು. ಒಂದು ಚೂರು ಬಾಯಿಗೆ ಹಾಕಿಕೊಂಡು ನಾನು ಠರಾವಿನ ಪ್ರತಿ ಓದಿದೆ. 'ಅರ್ಜಿದಾರರು ಸ್ವಯಂಪ್ರೇರಣೆಯಿಂದ ನಿವೇಶನ ಸಂಖ್ಯೆ ಏಳನ್ನು ಸಾರ್ವಜನಿಕ ಉದ್ಯಾನವನಕ್ಕಾಗಿ ಬಿಟ್ಟುಕೊಟ್ಟಿರುವುದನ್ನು ಸಭೆಯು ಮೆಚ್ಚಿ...' ಕೈಯಲ್ಲಿ ಉಳಿದಿದ್ದ ಮೈಸೂರು ಪಾಕನ್ನು ಪೊಟ್ಟಣಕ್ಕೆ ವಾಪಸು ಇಟ್ಟೆ.

ಅಲ್ಲಿಯವರೆಗೆ ಪುರಸಭೆಯ ಮೆಟ್ಟಿಲು ಹತ್ತದಿದ್ದ ನಾನು ಅಂದು ಚಿಕ್ಕಣ್ಣನವರ ಮೇಜಿನ ಮುಂದೆ ಹೋಗಿ ನಿಂತೆ.

"ಹಸಿರು ಅಂದ್ರೆ ಪಾರ್ಕಮ್ಮ," ಎಂದರು ಅವರು, ಮಗುವಿಗೆ ಹೇಳುವಂತೆ. "ಹಳದಿ ಮನೆ, ಹಸಿರು ಪಾರ್ಕು. ಎಲ್ಲಾ ಕಡೆ ಹಂಗೇನೆ."

"ಅದು ನನ್ನ ಮನೆಯ ಲಾನು!"

"ಮರ ಬೇರೆ ಬರೆದಿದೀರಿ."

"ಪಾರಿಜಾತ ಅದು, ನಮ್ಮ ಗೇಟಿನದು!"

"ಗೇಟು ಬರೆದಿಲ್ವಲ್ಲಮ್ಮ. ನಿಜ ಹೇಳ್ತೀನಿ ಕೇಳಿ, ಪಾರ್ಕು ಬಿಟ್ಟಿಲ್ಲಾಂತಲೇ ನಿಮ್ಮ ಫೈಲು ಇಷ್ಟು ದಿನ ಒದ್ದಾಡ್ತಿದ್ದಿದ್ದು. ಬಾಯಿಬಿಟ್ಟು ಯಾರು ಕೇಳ್ತಾರೆ? ನೀವೇ ತಿಳ್ಕೊಂಡು ಬಿಟ್ಟಿರಿ, ದೊಡ್ಡ ಮನಸ್ಸು. ಈಗ ಬದಲಾಯಿಸ್ಬೇಕು ಅಂದ್ರೆ ಮತ್ತೆ ಮೊದಲಿಂದ." ಆಮೇಲೆ ದನಿ ತಗ್ಗಿಸಿ, "ಚರಂಡಿಯಿಂದ," ಎಂದರು.

ಆ ಎರಡು ಕೊಡ ನೀರು ಕಣ್ಣ ಮುಂದೆ ಬಂತು. ಠರಾವಿನ ಪ್ರತಿಯನ್ನು ಮಡಚಿಕೊಂಡು ಮನೆಗೆ ಬಂದೆ.

ಹೀಗೆ ನಾವು ಸಮೋಸದ ಸೈಟಿನಲ್ಲಿ ಮನೆ ಕಟ್ಟಿದೆವು. ಅದರ ಒಂದು ಕೋಣೆಯಲ್ಲೂ ನಾಲ್ಕು ಮೂಲೆ ನೆಟ್ಟಗಿಲ್ಲ. ಅಚ್ಚುಕಟ್ಟಿನವಳಿಗೆ ತಕ್ಕ ಶಿಕ್ಷೆ. ಯಜಮಾನರು ಮಾತಿನಂತೆ ಮಗ್ಗಗಳನ್ನು ಹಳೆಯ ಮನೆಯಲ್ಲೇ ಬಿಟ್ಟರು. ಆದರೆ ಮೂರನೇ ನಂಬರಿನ ಸೋದರಮಾವನವರು ಆರು ಮಗ್ಗ ಹಾಕಿದರು, ಐದನೇ ನಂಬರಿನಲ್ಲಿ ಯಜಮಾನರ ಷಡ್ಡಕರು ಎಂಟು. ಫೋಟೋಗಳು ಈಗ ಎರಡೂ ಕಡೆಗೆ ವಾಲುತ್ತವೆ. ಇಡೀ ಬಡಾವಣೆಯಲ್ಲಿ ಗುಬ್ಬಚ್ಚಿಯ ಕೂಗು ಕೇಳಿಸುವುದು ಏಳನೇ ನಂಬರಿನಲ್ಲಿ ಮಾತ್ರ. ಪುರಸಭೆ ಅಲ್ಲಿ ಒಂದು ಬೋರ್ಡನ್ನೂ ಒಂದು ಸಿಮೆಂಟು ಬೆಂಚನ್ನೂ ಹಾಕಿ ಮರೆತುಬಿಟ್ಟಿದೆ. ಪಾರಿಜಾತವನ್ನು ನಾನೇ ನೆಟ್ಟೆ, ನೀರು ಹೊತ್ತೆ. ದಿನಾ ಸಂಜೆ ನನ್ನ ನಡುಮನೆ ಇರಬೇಕಾಗಿದ್ದ ಜಾಗದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತೇನೆ. ಸಾರ್ವಜನಿಕರಲ್ಲಿ ನಾನೂ ಒಬ್ಬಳಲ್ಲವೆ?

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನಿರಪರಾಧಿ. ಹೋದ ತಿಂಗಳು ಚಿಕ್ಕಣ್ಣನವರು ಬಂದು, ಕಚೇರಿಯ ನಕ್ಷೆಗೆ ಗೆದ್ದಲು ಹಿಡಿದಿದೆ, ಹೊಸ ಪ್ರತಿ ಬರೆದುಕೊಡಿ ಎಂದರು. ಅವರು ಹೋದದ್ದೇ ತಡ, ಯಜಮಾನರು ಬಾಗಿಲು ಹಾಕಿ, "ಲೇ, ಇದೇ ಸಮಯ. ಏಳನೇದಕ್ಕೆ ಹಳದಿ ಬಳಿದುಬಿಡು. ಯಾರು ನೋಡಕ್ಕೆ ಬರ್ತಾರೆ?" ಎಂದರು. ಸುಳ್ಳು ಹೇಳುವುದಿಲ್ಲ, ನಾನು ಹಳದಿ ಪೆನ್ಸಿಲ್ಲನ್ನು ಹೆರೆದು ಚೂಪು ಮಾಡಿದೆ. ತುದಿ ಕಾಗದಕ್ಕೆ ತಾಗುವುದರಲ್ಲಿತ್ತು. ಅಷ್ಟರಲ್ಲಿ ಅವರು, "ಒಳ್ಳೇ ಜಾಗ. ಹತ್ತು ಮಗ್ಗ ಹಾಕ್ಬೋದು," ಎಂದು ಕೈ ಉಜ್ಜಿಕೊಂಡರು.

ಹಸಿರು ತುಂಬಿದೆ. ಪಾರಿಜಾತ ಬಿಡಿಸಿದೆ. ಈ ಸಲ ಬೆಂಚನ್ನೂ ಬಿಡಿಸಿದೆ.

ಮರುದಿನ ನಕ್ಷೆ ಕಚೇರಿ ಸೇರಿದ ಮೇಲೆ ಅವರಿಗೆ ಗೊತ್ತಾಯಿತು. ಕರೆಂಟು ಹೋಗಿತ್ತು. "ಯಾಕೆ ಹಿಂಗ್ಮಾಡ್ದೆ?" ಎಂದರು. ಕಾನ್ವೆಂಟಿನವಳು, ನಿಜವನ್ನೇ ಹೇಳೋಣವೆಂದು, "ಬೇಕೂಂತಲೇ ಮಾಡ್ದೆ," ಎಂದೆ. ಅದೇ ಹೊತ್ತಿಗೆ ಕರೆಂಟು ಬಂದು ಎಡಕ್ಕೆ ಆರು, ಬಲಕ್ಕೆ ಎಂಟು ಮಗ್ಗ ಒಟ್ಟಿಗೇ ಹೊರಟವು. ಅವರು ಕಿವಿಗೆ ಕೈ ಹಚ್ಚಿ, ನನ್ನ ಮುಖ ನೋಡಿ, "ಮರೆತೆ ಅಂದ್ಯಾ? ಹೋಗ್ಲಿ ಬಿಡು, ಮರೆವು ಎಲ್ಲರಿಗೂ ಇರುತ್ತೆ!" ಎಂದು ಕೂಗಿದರು.

ಮಗ್ಗ ನಿಂತ ಮೇಲೆ ತಿದ್ದಿ ಹೇಳಬೇಕಿತ್ತು. ಸಿಸ್ಟರ್ ಆಗಿದ್ದರೆ ಹಾಗೆಯೇ ಮಾಡುತ್ತಿದ್ದರು. ನಾನು ವಾಲಿದ ಫೋಟೋವನ್ನು ನೆಟ್ಟಗೆ ಮಾಡಿ, ಅವರೆಕಾಯಿಯ ಮೊರ ಎತ್ತಿಕೊಂಡು ಪಾರ್ಕಿಗೆ ನಡೆದೆ.