ಕೆಂಪು ಗೋಡೆಯೂ ಒರಿಜಿನಲ್ ಫೈಲೂ

ಯಾವ ನಕ್ಷೆಯನ್ನು ಯಾರಿಗೆ ಯಾವ ಫೈಲ್ ಮಾಡಿ ಕಳಿಸಬೇಕು ಎಂಬ ವಿಷಯದಲ್ಲಿ ನನಗಿಂತ ತಿಳಿದವರು ಹೊಸದುರ್ಗ ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹೊಸದುರ್ಗದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮನೆ ಪ್ಲಾನ್ ಬರೆಯುವುದೇ ನನ್ನ ಕಸುಬು. ಮೇಸ್ತ್ರಿಗೆ ಪಿಡಿಎಫ್, ಇಂಜಿನಿಯರಿಗೆ ಕಂಪ್ಯೂಟರಿನಲ್ಲಿ ತಿದ್ದಲು ಬರುವ ಕ್ಯಾಡ್ ಫೈಲ್, ಮನೆ ಯಜಮಾನರಿಗೆ ಬಣ್ಣಬಣ್ಣದ ಫೋಟೊ. ಇಷ್ಟು ಗೊತ್ತಿದ್ದರೆ ಬದುಕು ಸಲೀಸು. ನನಗಿದ್ದ ಭಯ ಎರಡೇ. ಒಂದು, ಕೆಲಸದ ಮಧ್ಯೆ ಕರೆಂಟು ಹೋಗುವುದು. ಇನ್ನೊಂದು, ನಮ್ಮ ಅತ್ತೆ ಗಂಗಮ್ಮನವರು. ಮೊದಲನೆಯದಕ್ಕೆ ಯುಪಿಎಸ್ ಹಾಕಿಸಿಕೊಂಡಿದ್ದೇನೆ.

ಅತ್ತೆ ಬೈಯುವವರಲ್ಲ. "ಕುಂತ್ಕಳ್ರಿ" ಎಂದು ಮರ್ಯಾದೆಯಿಂದ ಹೇಳಿ ಸುಮ್ಮನೆ ನೋಡುತ್ತಾರೆ. ಆ ನೋಟಕ್ಕೆ ಹೆದರಿ ನಾನು ಮಾಡದ ತಪ್ಪನ್ನೂ ಒಪ್ಪಿಕೊಂಡದ್ದುಂಟು. ಇಂಥವರು ಹಾಲುರಾಮೇಶ್ವರದ ಹತ್ತಿರದ ತಮ್ಮ ಹಳ್ಳಿಯಲ್ಲಿ, ಇಬ್ಬರು ಗಂಡುಮಕ್ಕಳೂ ಸಂಸಾರ ಸಮೇತ ಕೂಡಿ ಬಾಳಲೆಂದು ಒಂದು ದೊಡ್ಡ ಮನೆ ಕಟ್ಟಿಸಲು ಹೊರಟರು. ಪ್ಲಾನ್ ಬರೆಯುವ ಘನಕಾರ್ಯ ಅಳಿಯನಾದ ನನ್ನ ಪಾಲಿಗೆ ಬಂತು.

ನಮ್ಮ ಕಸುಬಿನಲ್ಲಿ ಒಂದು ಗುಟ್ಟಿದೆ. ಅಣ್ಣತಮ್ಮಂದಿರ ಮನೆ ಎಂದರೆ, ಮುಂದೆ ಎಂದಾದರೂ ಪಾಲಾದಾಗ ನಡುವಿನ ಗೋಡೆ ಎಲ್ಲಿ ಏಳಬೇಕೆಂದು ಈಗಲೇ ಯೋಚಿಸಿಡುತ್ತೇವೆ. ಆಚೆಗೊಂದು ನೀರಿನ ಪೈಪು, ಈಚೆಗೊಂದು ಬಾಗಿಲಿನ ಜಾಗ ಬಿಟ್ಟಿರುತ್ತೇವೆ. ಯಾರಿಗೂ ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಆ ಗೋಡೆಯನ್ನು ಬೇರೊಂದು ಲೇಯರಿನಲ್ಲಿ ಬರೆಯುತ್ತೇವೆ. ಲೇಯರ್ ಎಂದರೆ ನಕ್ಷೆಯ ಮೇಲೆ ಹಾಸಿದ ಗಾಜಿನ ಹಾಳೆ ಇದ್ದ ಹಾಗೆ. ಆನ್ ಮಾಡಿದರೆ ಕಾಣುತ್ತದೆ, ಆಫ್ ಮಾಡಿದರೆ ಮಾಯ. ಅತ್ತೆಯ ಮನೆಗೂ ನಾನು ಕೆಂಪು ಬಣ್ಣದಲ್ಲಿ ಒಂದು ಗೋಡೆ ಎಳೆದು, ಆ ಕಡೆ 'ರುದ್ರೇಶ', ಈ ಕಡೆ 'ಮಂಜು' ಎಂದು ಬಾಮೈದುನರ ಹೆಸರು ಬರೆದು, ಆಫ್ ಮಾಡಿ ಇಟ್ಟಿದ್ದೆ. ನನ್ನ ಹೆಂಡತಿಯೊಬ್ಬಳು ಮಾತ್ರ ಅದನ್ನು ನೋಡಿದ್ದಳು.

ಮೊದಲು ರುದ್ರೇಶನಿಗೆ ಫೋಟೊ ಮಾಡಿ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿದ.

"ಭಾವ, ಅಡಿಗೆಮನೆ ಅಗಲ ಎಂಟಡಿನೋ ಮೂರಡಿನೋ? ಅಕ್ಷರನೆಲ್ಲ ಕಲಸ್ಕಂಡೈತೆ. ಮೂರಡಿ ಆದ್ರೆ ನಮ್ಮನೆಯೋಳು ಅಡ್ಡಡ್ಡ ನಡೀಬೇಕಾಗ್ತದೆ."

ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜಾ, "ಪಿಡಿಎಫ್ ಕಳಿಸ್ರಿ. ಸ್ಕೂಲ್ ನೋಟೀಸೆಲ್ಲ ಅದ್ರಲ್ಲೇ ಬರ್ತಾವೆ" ಎಂದಳು.

ಸ್ಕೂಲ್ ನೋಟೀಸು! ನನ್ನ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. "ಪಿಡಿಎಫ್ ಊರೋರಿಗೆ. ನಮ್ಮೋರಿಗೆ ಒರಿಜಿನಲ್ ಫೈಲೇ ಕಳಿಸ್ತೀನಿ" ಎಂದು ಕ್ಯಾಡ್ ಫೈಲನ್ನೇ ಕಳಿಸಿಬಿಟ್ಟೆ.

"ಅದ್ರಲ್ಲಿ ಏನೇನೈತೆ?" ಎಂದಳು ಗಿರಿಜಾ.

"ಎಲ್ಲಾ ಐತೆ."

"ಎಲ್ಲಾ ಅಂದ್ರೆ? ಆ ಕೆಂಪು ಗೋಡೆನೂವೇ?"

ಅಳಿಸೋಣವೆಂದು ಮೊಬೈಲ್ ತೆಗೆದರೆ ಅವನು ನೋಡಿಯಾಯಿತೆಂಬ ನೀಲಿ ಗುರುತು ಆಗಲೇ ಬಂದಿತ್ತು. ಮತ್ತೆ ರುದ್ರೇಶನಿಗೆ ಫೋನ್ ಮಾಡಿದೆ.

"ಅದೇನೋ ನನ್ನ ಮೊಬೈಲ್ನಾಗೆ ಓಪನ್ನೇ ಆಗ್ಲಿಲ್ಲ ಭಾವ" ಎಂದ. ಮನೆದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಅವನು ಮಾತು ಮುಂದುವರಿಸಿದ. "ಅದಕ್ಕೇ ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡಿಗೆ ಕಳಿಸ್ದೆ. ದೊಡ್ಡ ಹಾಳೆ ಮೇಲೆ ಕಲರ್ ಪ್ರಿಂಟ್ ಹಾಕ್ಕೊಡ್ತಾರಂತೆ. ಅವ್ವ ಅಲ್ಲಿಗೇ ಸಂತೆಗೆ ಹೋಗವ್ಳೆ, ಅವ್ಳೇ ತಗಂಡ್ ಬರ್ತಾಳೆ."

ಮುಗಿದ ಕೈಯನ್ನು ವಾಪಸ್ ತೆಗೆದುಕೊಂಡೆ.

ಬೈಕ್ ಹತ್ತಿ ಅಂಗಡಿಗೆ ಓಡಿದೆ. ಅತ್ತೆ ಆಗಷ್ಟೇ ಹೋಗಿದ್ದರು. ಅಂಗಡಿಯವರು ನನ್ನನ್ನು ನೋಡಿ ಹೆಮ್ಮೆಯಿಂದ, "ಸರ್, ಒಂದು ಲೇಯರ್ ಆಫ್ ಮಾಡಿ ಮರೆತುಬಿಟ್ಟಿದ್ರಿ. ನಾನೇ ಆನ್ ಮಾಡ್ದೆ. ಗೆರೆ ತೆಳ್ಳಗಿತ್ತು, ಎದ್ದು ಕಾಣ್ಲಿ ಅಂತ ದಪ್ಪ ಬೇರೆ ಮಾಡ್ದೆ" ಎಂದರು. ಥ್ಯಾಂಕ್ಸ್ ಹೇಳಿ ಹೊರಟೆ. ಬೇರೆ ಏನು ಹೇಳುವುದು?

ಊರಾಚೆ ಬಸ್ಸು ಸಿಕ್ಕಿತು. ಅದು ನಿಂತಾಗ ಕಿಟಕಿಯ ಹತ್ತಿರ ಹೋಗಿ, "ಅತ್ತೆ, ಆ ಪ್ಲಾನಿನಲ್ಲಿ ಸಣ್ಣ ತಪ್ಪೈತೆ, ಇತ್ಲಾಗೆ ಕೊಡ್ರಿ" ಎಂದು ಕೈ ಚಾಚಿದೆ. ಅವರು ಸುರುಳಿಯನ್ನು ತೊಡೆಯ ಮೇಲೆ ಇನ್ನಷ್ಟು ಒತ್ತಿ ಹಿಡಿದರು.

"ಮನೀಗೆ ಬರ್ರಿ ಅಳಿಯಂದ್ರೆ. ಎಲ್ರೂ ಕೂತು ನೋಡಾಣ."

ಬಿಚ್ಚಿ ನೋಡಿದ್ದರೋ ಇಲ್ಲವೋ, ಮುಖದಲ್ಲಿ ಒಂದು ಸುಳಿವೂ ಇರಲಿಲ್ಲ. ಬಸ್ಸಿನ ಹಿಂದೆ ನಾನು ಎಷ್ಟು ನಿಧಾನವಾಗಿ ಬೈಕ್ ಓಡಿಸಿದೆನೆಂದರೆ, ಸೈಕಲ್ಲಿನವರೊಬ್ಬರು ನಿಲ್ಲಿಸಿ ಪೆಟ್ರೋಲ್ ಮುಗಿದಿದೆಯಾ ಎಂದು ವಿಚಾರಿಸಿದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ. ಕೂಡಿದ್ದ ಮನೆ ನನ್ನ ಕೈಯಿಂದ ಒಡೆದರೆ, ಗಿರಿಜಾಗೆ ತವರು ಎಂದು ಏನು ಉಳಿಯುತ್ತದೆ?

ನಾನು ಹೋಗುವಷ್ಟರಲ್ಲಿ ಜಗುಲಿಯ ಮೇಲೆ ಹಾಳೆ ಬಿಚ್ಚಿ, ಹಾರದಂತೆ ನಾಲ್ಕು ಮೂಲೆಗೆ ತೆಂಗಿನಕಾಯಿ ಇಟ್ಟಿದ್ದರು. ಸುತ್ತ ಇಬ್ಬರು ಮಕ್ಕಳು, ಇಬ್ಬರು ಸೊಸೆಯರು. ನಡುವೆ ತಲೆಬಾಗಿಲಿನಿಂದ ಹಿತ್ತಲವರೆಗೆ ಕೆಂಪು ಗೋಡೆ. ಅಂಗಡಿಯವರು ಹೇಳಿದ್ದು ನಿಜ, ಚೆನ್ನಾಗಿಯೇ ಎದ್ದು ಕಾಣುತ್ತಿತ್ತು.

"ಇದೇನ್ರಿ ಅಳಿಯಂದ್ರೆ, ಕೆಂಪಗೆ?" ಎಂದರು ಅತ್ತೆ.

"ಅದು... ಮಳೆನೀರಿನ ಪೈಪು ಅತ್ತೆ."

"ಪೈಪಿಗೆ ನನ್ನ ಮಕ್ಕಳ ಹೆಸರು ಇಟ್ಟೀರಾ?"

ಹತ್ತಿರವಿದ್ದ ಹೆಸರನ್ನು ಅಂಗೈಯಿಂದ ಮುಚ್ಚಿದೆ. "ಕುಂತ್ಕಳ್ರಿ" ಎಂದರು. ನಾನು ಆಗಲೇ ಕೂತಿದ್ದೆ. ಎದ್ದು ಮತ್ತೊಮ್ಮೆ ಕೂತೆ.

ಇನ್ನೇನು ಸಿಡಿಲು ಬಡಿಯಿತು ಎಂದು ಕಣ್ಣು ಮುಚ್ಚಿಕೊಂಡಿದ್ದಾಗ, ದೊಡ್ಡ ಸೊಸೆ ಮೆಲ್ಲಗೆ, "ತುಳಸಿಕಟ್ಟೆ ಅವರ ಕಡೆ ಹೋಗೈತಲ್ಲ" ಎಂದಳು.

"ಬಚ್ಚಲು ನಿಮ್ಮ ಕಡೆ ಬಂದೈತಲ್ಲ ಅಕ್ಕ" ಎಂದಳು ಸಣ್ಣವಳು.

ರುದ್ರೇಶ, "ಭಾವ, ಗೋಡೆನ ಅರ್ಧ ಅಡಿ ಆ ಕಡೆ ಸರಿಸ್ಬೌದಾ?" ಎಂದ. ಮಂಜು ತಕ್ಷಣ, "ಯಾಕಣ್ಣ ಸರಿಸ್ಬೇಕು? ಸರಿಯಾಗೇ ಐತೆ" ಎಂದ.

ಗೋಡೆ ಯಾಕೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಕಣ್ಣು ಬಿಟ್ಟೆ. ಬಿಡಬಾರದಿತ್ತು. ಅತ್ತೆಯ ಬೆರಳು ಕೆಂಪು ಗೆರೆಯ ಮೇಲೆ ನಿಧಾನವಾಗಿ ಸರಿಯುತ್ತಾ ಒಂದು ಕಡೆ ನಿಂತಿತ್ತು.

"ಇದು ನನ್ನ ಕೋಣೆ ಅಲ್ವಾ? ಗೋಡೆ ನಡುಮಧ್ಯದಾಗೆ ಹೋಗೈತಲ್ಲ. ನಾನು ಯಾವ ಕಡೆ ಮಲಗ್ಬೇಕು?"

ಮಕ್ಕಳಿಬ್ಬರೂ ತೆಂಗಿನಕಾಯಿ ನೋಡತೊಡಗಿದರು. ಉತ್ತರ ಗೊತ್ತಿದ್ದವನು ನಾನೊಬ್ಬನೇ. ಮನೆ ಪಾಲಾಗುವುದು ಅತ್ತೆ ಕಾಲವಾದ ಮೇಲೆ ಎಂದುಕೊಂಡೇ ಆ ಗೋಡೆ ಎಳೆದಿದ್ದೆ. ಅವರ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ? ಹೇಳುವ ಅಗತ್ಯವೇ ಬರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಎಲ್ಲವೂ ಅರ್ಥವಾಗಿತ್ತು. ನಾಚಿಕೆಯಿಂದ ನನ್ನ ತಲೆ ತಾನಾಗಿಯೇ ತಗ್ಗಿತು.

"ಗೋಡೆ ಅಳಿಸ್ಬೇಡ್ರಿ, ಈಗ್ಲೇ ಕಟ್ಲಿ" ಎಂದರು ಕೊನೆಗೆ. "ನನ್ನ ಕೋಣೆ ಮಾತ್ರ ನಿಮ್ಮನೇಲಿ ಬರ್ಕಳ್ರಿ."

ಗಿರಿಜಾಗೆ ಹಬ್ಬವಾಯಿತು. ಬರೆದುಕೊಳ್ಳಲು ನಮ್ಮ ಮನೆಯಲ್ಲಿ ಇದ್ದ ಕೋಣೆಯೆಂದರೆ ಮುಂದಿನದೊಂದೇ, ಅಂದರೆ ನನ್ನ ಆಫೀಸು. ಅಳತೆ ತೆಗೆಯುವಾಗ ಟೇಪಿನ ಇನ್ನೊಂದು ತುದಿಯನ್ನು ಅತ್ತೆಯೇ ಹಿಡಿದರು. ಮಂಚ ಸರಿಯಾಗಿ ಹಿಡಿಸಿತು. ಮೇಜು ಹಿಡಿಸಲಿಲ್ಲ. ನಾನೂ ನನ್ನ ಕಂಪ್ಯೂಟರೂ ಈಗ ಹಿತ್ತಲ ಬಾಗಿಲ ಪಕ್ಕದಲ್ಲಿದ್ದೇವೆ.

ಗಿರಾಕಿಗಳು ಬಂದರೆ ಮೊದಲು ಸಿಗುವವರು ಅತ್ತೆ. ಅಣ್ಣತಮ್ಮಂದಿರು ಜೋಡಿಯಾಗಿ ಬಂದರಂತೂ, "ಕುಂತ್ಕಳ್ರಿ" ಎಂದು ಕೂರಿಸಿ, "ನಿಮ್ಮವ್ವನ ಕೋಣೆ ಎಲ್ಲಿ ಬರ್ತದೆ?" ಎಂದು ಕೇಳುತ್ತಾರೆ. ಅದಕ್ಕೆ ಸರಿಯಾದ ಉತ್ತರ ಕೊಟ್ಟವರನ್ನಷ್ಟೇ ಒಳಗೆ ಬಿಡುವುದು. ಇಲ್ಲಿಯವರೆಗೆ ಒಬ್ಬರೂ ನನ್ನ ಮೇಜಿನ ತನಕ ಬಂದಿಲ್ಲ.